ಬೆಸುಗೆ, ಕಲಾಯಿ, ತೇಪೆ: ನಮ್ಮ ಜಿಲ್ಲೆಯ ಮನೆಗಳಲ್ಲಿ ರಿಪೇರಿಯ ಚರಿತ್ರೆ

ಹೊಯ್ಸಳರ ಕಾಲದ ದಾನಶಾಸನಗಳನ್ನು ಓದುವವರಿಗೆ ಒಂದು ಪದಪುಂಜ ಮತ್ತೆ ಮತ್ತೆ ಎದುರಾಗುತ್ತದೆ: 'ಖಂಡಸ್ಫುಟಿತ ಜೀರ್ಣೋದ್ಧಾರ'. ಒಡೆದದ್ದನ್ನು, ಬಿರಿದದ್ದನ್ನು, ಹಳತಾಗಿ ಸವೆದದ್ದನ್ನು ಮತ್ತೆ ಎತ್ತಿ ನಿಲ್ಲಿಸುವುದು ಎಂದು ಅದರ ಅರ್ಥ. ಬಸದಿಗೋ ದೇವಾಲಯಕ್ಕೋ ಭೂಮಿಯನ್ನು ಬಿಡುವಾಗ ನಿತ್ಯಪೂಜೆಗೆ ಇಷ್ಟು, ಆಹಾರದಾನಕ್ಕೆ ಇಷ್ಟು ಎಂದು ಹೇಳುವ ಜೊತೆಯಲ್ಲೇ ಜೀರ್ಣೋದ್ಧಾರಕ್ಕೂ ಆ ಭೂಮಿಯ ಆದಾಯ ಸಲ್ಲಬೇಕೆಂದು ಬರೆಸುತ್ತಿದ್ದರು. ಕಟ್ಟಡ ಹೊಚ್ಚ ಹೊಸದಾಗಿ ನಿಂತಿರುವಾಗಲೇ ಅದು ಮುಂದೊಂದು ದಿನ ಬಿರಿಯುತ್ತದೆ ಎಂಬ ಎಚ್ಚರ, ಆ ದಿನಕ್ಕೆ ಬೇಕಾದುದನ್ನು ಇಂದೇ ತೆಗೆದಿಡುವ ವಿವೇಕ, ಇವೆರಡೂ ಆ ಎರಡು ಪದಗಳಲ್ಲಿವೆ. ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲಿಯೂ ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿಯೂ ಸಂಪುಟಗಳಾಗಿ ಪ್ರಕಟಿಸಿದರು. ಆಸಕ್ತರು ಅವನ್ನು ತಿರುವಿಹಾಕಿದರೆ ನಮ್ಮ ಪೂರ್ವಿಕರ ದೃಷ್ಟಿಯಲ್ಲಿ ಕಟ್ಟುವುದು ಮತ್ತು ಕಾಪಾಡುವುದು ಬೇರೆ ಬೇರೆ ಕೆಲಸಗಳಾಗಿರಲಿಲ್ಲ ಎಂಬುದು ಮನವರಿಕೆಯಾಗುತ್ತದೆ.

ಬೇಲೂರಿನ ಚೆನ್ನಕೇಶವ ದೇವಾಲಯವು 1117ರಲ್ಲಿ ಪ್ರತಿಷ್ಠಿತವಾಯಿತು. ಅದರ ಮಹಾದ್ವಾರದ ಗೋಪುರ ದಾಳಿಗೆ ಸಿಕ್ಕು ನಾಶವಾದಾಗ, ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡನು 1397ರಲ್ಲಿ ಅದನ್ನು ಮತ್ತೆ ಕಟ್ಟಿಸಿದನು. ಕಟ್ಟಿಸಿದವರ ವಂಶ ಅಳಿದಿತ್ತು, ರಾಜ್ಯವೂ ಬದಲಾಗಿತ್ತು. ಆದರೂ ಮತ್ತೊಬ್ಬರು ಕಟ್ಟಿದ್ದನ್ನು ದುರಸ್ತಿ ಮಾಡುವುದು ಕೀರ್ತಿಯ ಕೆಲಸವೆಂದೇ ಎಣಿಕೆಯಾಗಿತ್ತು. ತಾನು ಕೊಡುವ ದಾನಕ್ಕಿಂತ ಇತರರು ಕೊಟ್ಟದ್ದನ್ನು ಕಾಪಾಡುವುದರಿಂದ ಇಮ್ಮಡಿ ಪುಣ್ಯ ಎಂಬ ಅಭಿಪ್ರಾಯದ ಶ್ಲೋಕವೊಂದು ಎಷ್ಟೋ ಶಾಸನಗಳ ಕೊನೆಯಲ್ಲಿ ಬರುವುದೂ ಈ ಕಾರಣದಿಂದಲೇ.

ದೇವಾಲಯದ ಮಾತು ಹೀಗಾಯಿತು. ಅಡಿಗೆಮನೆಗೆ ಶಾಸನವಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹಳೆಯ ಹಿತ್ತಾಳೆ ಪಾತ್ರೆಯ ಅಂಚನ್ನು ನೋಡಿ. ಚುಕ್ಕಿಚುಕ್ಕಿಯಾಗಿ ಉಳಿಯಿಂದ ಕೊರೆದ ಒಂದು ಹೆಸರು, ಕೆಲವೊಮ್ಮೆ ಊರು, ಇನ್ನು ಕೆಲವೊಮ್ಮೆ ಒಂದು ಇಸವಿ ಅಲ್ಲಿರುತ್ತದೆ. ಮಗಳ ಮದುವೆಗೆ ತವರಿನವರು ಕೊಟ್ಟದ್ದು, ಗೃಹಪ್ರವೇಶಕ್ಕೆ ಬಂದದ್ದು, ವ್ರತದ ಉದ್ಯಾಪನೆಗೆ ಕೊಡಲೆಂದು ತಂದದ್ದು ಹೀಗೆ ಪ್ರತಿಯೊಂದಕ್ಕೂ ಒಂದು ಮೂಲವಿದೆ. ಅದೇ ಪಾತ್ರೆಯನ್ನು ಮಗುಚಿ ಹಾಕಿ ತಳವನ್ನು ನೋಡಿದರೆ ಒಂದೋ ಎರಡೋ ತೇಪೆಗಳು, ಬೆಸುಗೆಯ ಗೆರೆಗಳು ಕಾಣುತ್ತವೆ. ಅಂಚಿನಲ್ಲಿರುವುದು ದಾನಶಾಸನವಾದರೆ ತಳದಲ್ಲಿರುವುದು ಜೀರ್ಣೋದ್ಧಾರದ ಶಾಸನ. ಈ ಎರಡನೆಯದನ್ನು ಓದುವ ಅಭ್ಯಾಸ ನಮಗೆ ಇಲ್ಲ. ಆ ಚರಿತ್ರೆಯನ್ನು, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳ ಸುತ್ತ ನಾನು ಕಂಡಷ್ಟರ ಮಟ್ಟಿಗೆ, ಬರೆದಿಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ಹಳ್ಳಿಯ ವ್ಯವಸ್ಥೆಯನ್ನು ನೋಡೋಣ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಆಯಗಾರರು ಎಂಬ ಒಂದು ವರ್ಗವಿತ್ತು. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ ಮೊದಲಾಗಿ ಸಾಂಪ್ರದಾಯಿಕವಾಗಿ ಹನ್ನೆರಡು ಎಂದು ಲೆಕ್ಕ. ಇವರಲ್ಲಿ ಕಮ್ಮಾರನಿಗೂ ಬಡಗಿಗೂ ಪ್ರತಿ ಕೆಲಸಕ್ಕೆ ಇಷ್ಟೆಂದು ಹಣ ಕೊಡುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಬಳಿಗೆ ಬಂದರೆ ಒಕ್ಕಲುಮನೆಯವರು ತಮ್ಮ ಬೆಳೆಯಲ್ಲಿ ಗೊತ್ತಾದ ಪಾಲನ್ನು ಅಳೆದುಕೊಡುತ್ತಿದ್ದರು. ಅದೇ ಆಯ. ಅದಕ್ಕೆ ಪ್ರತಿಯಾಗಿ ವರ್ಷವಿಡೀ ನೇಗಿಲ ಗುಳ ಬಡಿಯುವುದು, ಕುಡುಗೋಲಿಗೆ ಕಕ್ಕು ಹಾಕುವುದು, ಕೊಡಲಿಗೆ ಕಾವು ಕೂರಿಸುವುದು, ಗಾಡಿಯ ಚಕ್ರಕ್ಕೆ ಮರದ ಅರ ಹಾಕುವುದು ಇವೆಲ್ಲ ನಡೆಯುತ್ತಿದ್ದವು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ವರ್ಷದ ಪಾಲು ಗೊತ್ತಾಗಿದ್ದ ಮೇಲೆ ವಸ್ತು ಕೆಡದೆ ಉಳಿದಷ್ಟೂ ಕಮ್ಮಾರನಿಗೆ ಲಾಭ. ಏಕೆಂದರೆ ಅವನ ಶ್ರಮ ಉಳಿಯಿತು. ಬಿಡಿ ಬಿಡಿಯಾಗಿ ಕೂಲಿ ಕೊಡುವ ಪದ್ಧತಿ ಬಂದಾಗ ವಸ್ತು ಆಗಾಗ ಕೆಟ್ಟರೆ ರಿಪೇರಿಯವನಿಗೆ ಲಾಭ. ರಿಪೇರಿಯೇ ಇಲ್ಲದೆ ಹೊಸದನ್ನು ಮಾರುವ ಕಾಲದಲ್ಲಿ ವಸ್ತು ಬೇಗ ಹಾಳಾದರೆ ಮಾರುವವನಿಗೆ ಲಾಭ. ಒಂದೇ ಕುಡುಗೋಲು, ಮೂರು ಬಗೆಯ ಲೆಕ್ಕ. ಗೃಹೋಪಯೋಗಿ ವಸ್ತುಗಳ ಚರಿತ್ರೆಯೆಲ್ಲ ಈ ಮೂರು ಲೆಕ್ಕಗಳ ನಡುವಿನ ಪ್ರಯಾಣವೆಂದೇ ನನ್ನ ತಿಳಿವಳಿಕೆ.

ಹಾಗೆಂದು ಆಯದ ಪದ್ಧತಿಯನ್ನು ರಾಮರಾಜ್ಯವೆಂದು ಬಣ್ಣಿಸುವುದು ಸರಿಯಲ್ಲ. ಪಾಲು ಎಷ್ಟು ಎಂಬುದನ್ನು ಅಳೆಯುವ ಕೈ ಜಮೀನಿನ ಒಡೆಯನದಾಗಿತ್ತು. ಮಳೆ ಹೋದ ವರ್ಷ ಕಮ್ಮಾರನ ಮನೆಯ ಒಲೆಯೂ ಆರುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಹುಟ್ಟಿನಿಂದಲೇ ಕಸುಬು ನಿಶ್ಚಯವಾಗಿ, ಬೇರೆಡೆಗೆ ಹೋಗುವ ದಾರಿ ಇರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಶಾಸನದಿಂದ ಶಾನುಭೋಗಿಕೆ, ಪಟೇಲಿಕೆ ಮೊದಲಾದ ವಂಶಪಾರಂಪರ್ಯ ಹುದ್ದೆಗಳು ಹೋದವು. ಹಣದ ವ್ಯವಹಾರ ಹೆಚ್ಚಿದಂತೆ ಕಣದಲ್ಲಿ ಆಯ ಅಳೆಯುವ ರೂಢಿಯೂ ಕ್ರಮೇಣ ಕರಗಿತು. ಅದು ಹೋದದ್ದಕ್ಕೆ ಅಳಬೇಕಾಗಿಲ್ಲ. ಆದರೆ ಅದರೊಳಗೆ ಅಡಗಿದ್ದ ಆ ಮೊದಲನೆಯ ಲೆಕ್ಕವೂ ಜೊತೆಯಲ್ಲೇ ಹೋಯಿತು ಎಂಬುದನ್ನು ಮರೆಯಬಾರದು.

ಇನ್ನು ಪಾತ್ರೆಗಳ ವಿಷಯ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ ಎಂದೊಡನೆ ಎಲ್ಲರಿಗೂ ನೆನಪಾಗುವುದು ಗೊಮ್ಮಟ. ಆದರೆ ಮೈಸೂರು ಸಂಸ್ಥಾನದ ಗ್ಯಾಸೆಟಿಯರುಗಳು ಆ ಊರನ್ನು ಹಿತ್ತಾಳೆ ಪಾತ್ರೆಗಳ ತಯಾರಿಕೆಗೂ ವ್ಯಾಪಾರಕ್ಕೂ ಹೆಸರಾದ ಊರೆಂದು ದಾಖಲಿಸಿವೆ. ನಮ್ಮ ಕಡೆಯ ಮನೆಗಳಲ್ಲಿದ್ದ ಕೊಡ, ತಪ್ಪಲೆ, ತಂಬಿಗೆಗಳಲ್ಲಿ ಎಷ್ಟೋ ಆ ಸಂತೆಯ ದಾರಿಯಲ್ಲೇ ಬಂದವು. ಹಿತ್ತಾಳೆ ಪಾತ್ರೆಯ ವಿಶೇಷವೆಂದರೆ ಅದು ಎಂದಿಗೂ ಕಸವಾಗುತ್ತಿರಲಿಲ್ಲ. ಸೋರಿದರೆ ಬೆಸುಗೆ, ತಳ ಸವೆದರೆ ತೇಪೆ, ಅದೂ ಆಗದಷ್ಟು ಹಳತಾದರೆ ತೂಕಕ್ಕೆ ಹಾಕಿ, ಮಜೂರಿಯನ್ನೂ ವ್ಯತ್ಯಾಸದ ಹಣವನ್ನೂ ಕೊಟ್ಟು ಹೊಸದನ್ನು ತರುವುದು. ಹಳೆಯದು ಕುಲುಮೆಗೆ ಹೋಗಿ ಕರಗಿ ಮತ್ತೊಂದು ಪಾತ್ರೆಯಾಗುತ್ತಿತ್ತು. ಅಜ್ಜಿಯ ಕೊಡ ಮೊಮ್ಮಗಳ ಹಂಡೆಯ ಕಿವಿಯಾಗಿ ಬಾಳಿರಲೂ ಸಾಕು. ಬಡವರ ಮನೆಯಲ್ಲಿ ಹಿತ್ತಾಳೆ ಎಂದರೆ ಅಡಿಗೆಯ ಸಾಧನ ಮಾತ್ರವಲ್ಲ, ಕಷ್ಟಕಾಲದಲ್ಲಿ ಒತ್ತೆಯಿಡಬಹುದಾದ ಆಸ್ತಿ. ಆಸ್ತಿಯನ್ನು ಯಾರು ತಾನೆ ಎಸೆಯುತ್ತಾರೆ?

ತಾಮ್ರ ಹಿತ್ತಾಳೆಗಳಿಗೆ ಒಂದು ದೋಷವುಂಟು. ಹುಣಿಸೆಹುಳಿ, ಮಜ್ಜಿಗೆ, ನಿಂಬೆಗಳ ಆಮ್ಲ ತಗುಲಿದರೆ ಹಸಿರು ಕಿಲುಬು ಹುಟ್ಟಿ ಆಹಾರ ಕೆಡುತ್ತದೆ. ಅದಕ್ಕೆ ಪರಿಹಾರವೇ ಕಲಾಯಿ, ಅಂದರೆ ಪಾತ್ರೆಯ ಒಳಮೈಗೆ ತವರದ ತೆಳುವಾದ ಲೇಪ. ಅರಬ್ಬಿಯ 'ಕಲಈ' ಎಂಬ ತವರದ ಹೆಸರಿನಿಂದ ಈ ಪದ ಬಂದಿದೆ. ಮಲಯ ಪರ್ಯಾಯದ್ವೀಪದ ಕಡೆಯ 'ಕಲಾಹ್' ಎಂಬ ಪ್ರಾಚೀನ ಬಂದರಿನೊಂದಿಗೆ ಅದನ್ನು ವಿದ್ವಾಂಸರು ಹೊಂದಿಸುತ್ತಾರೆ. ತವರಕ್ಕೆ ಹೆಸರಾದ ನಾಡು ಅದು. ಹೊಳೆನರಸೀಪುರದ ಬೀದಿಯಲ್ಲಿ ಕೇಳಿಬರುತ್ತಿದ್ದ 'ಕಲಾಯೀ' ಎಂಬ ಕೂಗಿನ ಹಿಂದೆ ಸಮುದ್ರದಾಚೆಯ ಒಂದು ವ್ಯಾಪಾರದ ಚರಿತ್ರೆಯೇ ಇತ್ತು.

ಆ ಕೆಲಸವನ್ನು ನಾನು ಬಾಲ್ಯದಲ್ಲಿ ಎಷ್ಟು ಸಲ ನಿಂತು ನೋಡಿದ್ದೇನೋ ಲೆಕ್ಕವಿಲ್ಲ. ಕಲಾಯಿ ಸಾಬರು ಬೀದಿಯ ಮರದಡಿಯಲ್ಲಿ ಮೊಳದಗಲದ ಗುಂಡಿ ತೋಡಿ, ತಿದಿಯ ಕೊಳವೆಯನ್ನು ಅದರೊಳಕ್ಕೆ ಬಿಟ್ಟು, ಇದ್ದಿಲು ಹಾಕಿ ಬೆಂಕಿ ಮಾಡುವರು. ಜೊತೆಯ ಹುಡುಗ ಪಾತ್ರೆಯೊಳಗೆ ಮರಳು ಹಾಕಿ, ಅದರಲ್ಲಿ ನಿಂತು, ಗೋಡೆಯನ್ನು ಹಿಡಿದುಕೊಂಡು ಅತ್ತಿತ್ತ ತಿರುಗುತ್ತ ಕಾಲಿನಿಂದಲೇ ಉಜ್ಜುವನು. ಅನಂತರ ಇಕ್ಕಳದಲ್ಲಿ ಹಿಡಿದ ಪಾತ್ರೆ ಬೆಂಕಿಯ ಮೇಲೆ ಕಾಯುತ್ತದೆ. ಕಾದ ಮೈಮೇಲೆ ನವಸಾಗರದ ಪುಡಿ ಬೀಳುತ್ತಲೂ ಮೂಗು ಉರಿಸುವ ಬಿಳಿಯ ಹೊಗೆ ಏಳುತ್ತದೆ. ತವರದ ಕಡ್ಡಿಯನ್ನು ಒಮ್ಮೆ ತಾಗಿಸಿದರೆ ಅದು ಕರಗಿ ಮುತ್ತಾಗಿ ಉರುಳುತ್ತದೆ. ಹತ್ತಿಯ ಮುದ್ದೆಯಿಂದ ಒಂದು ಸುತ್ತು ಒರೆಸಿದೊಡನೆ ಕಪ್ಪು ಪಾತ್ರೆಯ ಒಳಗೆಲ್ಲ ಬೆಳ್ಳಿಯ ಹೊಳಪು!

ಮುಂದೆ ತರಗತಿಯಲ್ಲಿ ಲೋಹಗಳ ಪಾಠ ಮಾಡುವಾಗ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಲ್ಲ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ತಾಮ್ರಕ್ಕೆ 1085 ಡಿಗ್ರಿ ಬೇಕು, ಹಿತ್ತಾಳೆಗೆ ಸುಮಾರು 900ಕ್ಕೂ ಮೇಲೆ. ಆದ್ದರಿಂದ ಪಾತ್ರೆಗೆ ಧಕ್ಕೆಯಾಗದೆ ತವರ ಮಾತ್ರ ಹರಿಯುತ್ತದೆ. ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಕಾದಾಗ ಅದು ಅಮೋನಿಯ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆದು, ಲೋಹದ ಮೇಲಿನ ಆಕ್ಸೈಡಿನ ಪೊರೆಯನ್ನು ತೆಗೆದುಹಾಕುತ್ತದೆ. ಹಾಗಾಗಿಯೇ ತವರ ಗಟ್ಟಿಯಾಗಿ ಹಿಡಿಯುತ್ತದೆ. ಅಕ್ಷರ ಬಾರದ ಸಾಬರಿಗೆ ಈ ಹೆಸರುಗಳು ಗೊತ್ತಿರಲಿಲ್ಲ. ಆದರೆ ಉಷ್ಣಮಾಪಕವಿಲ್ಲದೆ, ಪಾತ್ರೆಯ ಬಣ್ಣವನ್ನು ನೋಡಿಯೇ ತವರ ಹಚ್ಚುವ ಹದವನ್ನು ತಪ್ಪದೆ ಹೇಳುವ ವಿದ್ಯೆ ಅವರಲ್ಲಿತ್ತು. ಕಂಚಿನ ಪಾತ್ರೆಯನ್ನು ಕೊಟ್ಟರೆ ಅವರು ಹಿಂದಕ್ಕೆ ಕೊಟ್ಟು, "ಇದಕ್ಕೆ ಬೇಡ ಅಮ್ಮಾವ್ರೇ, ಇದರಲ್ಲೇ ತವರ ಐತೆ" ಎನ್ನುತ್ತಿದ್ದರು. ಕಂಚು ತಾಮ್ರ ತವರಗಳ ಮಿಶ್ರಲೋಹವೆಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ.

ಕಲಾಯಿ ಒಂದೇ ಅಲ್ಲ. ಕಾಲಕ್ಕೊಂದರಂತೆ ಕಸುಬುದಾರರು ಬರುತ್ತಿದ್ದರು. ಒರಳು, ಬೀಸುಕಲ್ಲುಗಳ ಮೈ ನುಣುಪಾದರೆ ಉಳಿಯಿಂದ ಹೊಡೆದು ಮತ್ತೆ ಒರಟು ಮಾಡುವವರು, ಹಾಸಿಗೆಯ ಹತ್ತಿ ಗಂಟುಗಟ್ಟಿದರೆ ಬಿಲ್ಲಿನಂತಹ ಸಾಧನದಿಂದ ಹಿಂಜಿಕೊಡುವ ಪಿಂಜಾರರು, ಮೊರ ಬುಟ್ಟಿಗಳ ಅಂಚು ಕಟ್ಟಿಕೊಡುವ ಮೇದರು, ಮುಂಗಾರಿಗೆ ಮುಂಚೆ ಛತ್ರಿಯ ಕಡ್ಡಿ ಕಟ್ಟುವವರು, ಕತ್ತರಿ ಈಳಿಗೆಗಳಿಗೆ ಸಾಣೆ ಹಿಡಿಯುವವರು, ತೂತು ಬಿದ್ದ ಬಕೆಟ್ಟಿಗೆ ತಳ ಹಾಕುವವರು. ಮನೆಯ ಹೆಂಗಸರು ಮಾಡುತ್ತಿದ್ದ ದುರಸ್ತಿಯಂತೂ ಲೆಕ್ಕಕ್ಕೇ ಬರುವುದಿಲ್ಲ. ಹಳೆಯ ಕಾಗದವನ್ನು ನೆನೆಸಿ, ಮೆಂತ್ಯದೊಡನೆ ರುಬ್ಬಿ, ಸಂದು ಬಿಟ್ಟ ಮೊರಕ್ಕೆ ಬಳಿದರೆ ರಾಗಿಕಾಳು ಕೂಡ ಸೋರುತ್ತಿರಲಿಲ್ಲ. ಸವೆದ ಸೀರೆಗಳು ಒಂದರ ಮೇಲೊಂದು ಕೂಡಿ ಕೌದಿಯಾಗುತ್ತಿದ್ದವು. ಕೌದಿ ಹರಿದರೆ ಮಗುವಿನ ಕೆಳಹಾಸಿಗೆ, ಅದೂ ಹರಿದರೆ ಒರೆಸುವ ಬಟ್ಟೆ.

ಹೊಸ ವಸ್ತುಗಳು ಬಂದಾಗಲೂ ಈ ಪ್ರವೃತ್ತಿ ಅವನ್ನು ತನ್ನೊಳಕ್ಕೆ ಸೆಳೆದುಕೊಂಡಿತು. ಮೈಸೂರು–ಅರಸೀಕೆರೆ ರೈಲುಮಾರ್ಗವು ಹೊಳೆನರಸೀಪುರ, ಹಾಸನಗಳ ಮೂಲಕ ಹಾದುಹೋದ ಮೇಲೆ ಪೇಟೆಯ ಸರಕು ಸುಲಭವಾಗಿ ಬರತೊಡಗಿತು. ಸೀಮೆಎಣ್ಣೆಯ ತಗಡಿನ ಡಬ್ಬ ಅವುಗಳಲ್ಲಿ ಒಂದು. ಎಣ್ಣೆ ಮುಗಿದ ಮೇಲೆ ಆ ಡಬ್ಬಕ್ಕೆ ನಿಜವಾದ ಜೀವನ ಆರಂಭವಾಗುತ್ತಿತ್ತು. ತಗಡು ಕೆಲಸದವರ ಕೈಯಲ್ಲಿ ಅದು ಬುಡ್ಡಿದೀಪ, ಜರಡಿ, ಅಳತೆಯ ಪಾವು, ಹಿಟ್ಟಿನ ಡಬ್ಬ, ಸೂರಿನ ನೀರು ಹರಿಯುವ ದೋಣಿ, ಹೀಗೆ ನಾನಾ ಅವತಾರ ತಾಳುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿಗರು 1942ರ ಆರಂಭದ ವೇಳೆಗೆ ಮಲಯವನ್ನೂ ಅದೇ ವರ್ಷ ಬರ್ಮಾವನ್ನೂ ಹಿಡಿದಾಗ ಮಲಯದ ತವರಕ್ಕೂ ಬರ್ಮಾದ ಸೀಮೆಎಣ್ಣೆಗೂ ದಾರಿ ಮುಚ್ಚಿತು. ಆ ಕಾಲದ ಅಭಾವವನ್ನು ಕಂಡ ನಮ್ಮ ಹಿರಿಯರು ಒಂದು ಮೊಳೆಯನ್ನೂ ಸುತ್ತಿಗೆಯಿಂದ ನೇರಮಾಡಿ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಅದನ್ನು ಜಿಪುಣತನವೆಂದು ನಕ್ಕವರಿಗೆ ಆ ದಿನಗಳ ಅರಿವಿರಲಿಲ್ಲ.

ಹಾಗಾದರೆ ಇಷ್ಟು ಗಟ್ಟಿಯಾಗಿದ್ದ ಪದ್ಧತಿ ಹೋದದ್ದು ಹೇಗೆ? ಮೊದಲು ಅಲ್ಯೂಮಿನಿಯಂ, ಅನಂತರ ಸ್ಟೇನ್‌ಲೆಸ್ ಸ್ಟೀಲ್, ಆಮೇಲೆ ಪ್ಲಾಸ್ಟಿಕ್ ಬಂದವು. ಸ್ಟೀಲಿಗೆ ಕಿಲುಬಿಲ್ಲ, ಕಲಾಯಿ ಬೇಡ. 1959ರಿಂದಾಚೆಗೆ ನಮ್ಮ ದೇಶದಲ್ಲೇ ತಯಾರಾಗತೊಡಗಿದ ಪ್ರೆಷರ್ ಕುಕ್ಕರ್, ಅನಿಲದ ಒಲೆ, ವಿದ್ಯುತ್ತಿನ ಮಿಕ್ಸಿಗಳು ಒಂದೊಂದಾಗಿ ನಮ್ಮ ಊರುಗಳಿಗೂ ತಲುಪಿದವು. ಹಳೆಯ ಸೀರೆಗೆ, ಹರಿದ ಪ್ಯಾಂಟಿಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಯಲ್ಲಿ ಬಂದರು. ಹಿತ್ತಾಳೆಯ ಕೊಡಗಳು ಅಟ್ಟ ಸೇರಿ, ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ನಲ್ಲಿಯ ಮುಂದೆ ಸಾಲು ನಿಂತವು.

ಇದನ್ನು ಕೇವಲ ಅವನತಿಯೆಂದು ಬರೆಯುವುದು ಪುರುಷರಿಗೆ ಸುಲಭ. ತುಂಬಿದ ಹಿತ್ತಾಳೆ ಕೊಡವನ್ನು ಸೊಂಟದ ಮೇಲೆ ಹೊತ್ತು ಹೇಮಾವತಿಯ ಮೆಟ್ಟಿಲು ಹತ್ತಿದವರು ಹೆಂಗಸರು. ಹುಣಿಸೆಹಣ್ಣು, ಬೂದಿ, ಇಟ್ಟಿಗೆ ಪುಡಿಗಳಿಂದ ದಿನಕ್ಕೆರಡು ಬಾರಿ ಪಾತ್ರೆ ಬೆಳಗಿ ಕೈ ಬಿರಿಸಿಕೊಂಡವರೂ ಅವರೇ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹೊಳೆಯುವ ಹಂಡೆಯ ಸೊಬಗನ್ನು ನಾವು ಕೊಂಡಾಡುತ್ತೇವೆ. ಅದನ್ನು ಹೊಳೆಯಿಸಿದ ತೋಳಿನ ನೋವನ್ನು ಯಾರೂ ಬರೆಯಲಿಲ್ಲ. ಹಗುರವಾದ ಕೊಡ ಅವರಿಗೆ ಒಂದು ಬಿಡುಗಡೆಯಾಗಿತ್ತು. ಕಲಾಯಿಯ ಹೊಗೆ ಕುಡಿದು ಕೆಮ್ಮುತ್ತಿದ್ದ ಸಾಬರ ಮಗ ಬೇರೆ ಕೆಲಸ ಹಿಡಿದದ್ದೂ ಬಿಡುಗಡೆಯೇ. ಹಿಂದಿನ ಕಾಲ ಮರಳಿ ಬರಲಿ ಎಂದು ಹಾರೈಸುವುದು ನನ್ನ ಉದ್ದೇಶವಲ್ಲ.

ನನ್ನ ಕೊರಗು ಬೇರೆ. ರಿಪೇರಿ ಮಾಡಬಲ್ಲ ಕೈಗಳಿಗೆ ನಾವು ಎಂದೂ ಗೌರವ ಕೊಡಲಿಲ್ಲ. ದೇಶದಲ್ಲಿ ಶಿಕ್ಷಣದ ಯೋಜನೆಗಳೇನೋ ಉದಾತ್ತವಾಗಿದ್ದವು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬನ್ನೇ ಕೇಂದ್ರವಾಗಿಟ್ಟ ಮೂಲಶಿಕ್ಷಣವನ್ನು ಮುಂದಿಟ್ಟರು. 1964–66ರ ಕೊಠಾರಿ ಆಯೋಗ ಕಾರ್ಯಾನುಭವವನ್ನು ಪಠ್ಯಕ್ರಮದ ಅಂಗವಾಗಿಸಬೇಕೆಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ಹೆಸರಿನಲ್ಲಿ ಅದನ್ನೇ ಮತ್ತೆ ಎತ್ತಿ ಹೇಳಿತು. ಬಿ.ಎಡ್. ತರಬೇತಿಯಲ್ಲಿ ನಾವೆಲ್ಲ ಇದನ್ನು ಬರೆದು ಅಂಕ ಪಡೆದವರೇ. ಆದರೆ ಶಾಲೆಯ ವೇಳಾಪಟ್ಟಿಯಲ್ಲಿ ಆ ಅವಧಿ ಬಂದಾಗ ಗಣಿತದವರೋ ಇಂಗ್ಲಿಷಿನವರೋ ಅದನ್ನು ಕೇಳಿ ಪಡೆಯುತ್ತಿದ್ದುದು ಎಲ್ಲೆಡೆ ಸಾಮಾನ್ಯವಾಗಿತ್ತು. "ಓದದಿದ್ದರೆ ಅಪ್ಪನ ಹಾಗೆ ತಿದಿ ಒತ್ತಬೇಕಾಗುತ್ತದೆ" ಎಂಬ ಬೆದರಿಕೆಯನ್ನು ನಾನು ಅನೇಕರ ಬಾಯಲ್ಲಿ ಕೇಳಿದ್ದೇನೆ. ಕುಲುಮೆಯ ಮಗ ಅದನ್ನು ಕೇಳಿ ತಲೆ ತಗ್ಗಿಸಿದ್ದನ್ನೂ ಕಂಡಿದ್ದೇನೆ.

ಅರಕಲಗೂಡು ತಾಲ್ಲೂಕಿನ ಒಂದು ಶಾಲೆಯಲ್ಲಿ ನಾನಿದ್ದಾಗ ನಡೆದ ಸಂಗತಿಯೊಂದನ್ನು ಹೇಳಬೇಕು. ಕಾಲು ಮುರಿದ ಹದಿನಾಲ್ಕು ಬೆಂಚುಗಳು ಒಂದು ಕೊಠಡಿಯಲ್ಲಿ ರಾಶಿ ಬಿದ್ದಿದ್ದವು. ಮಕ್ಕಳು ನೆಲದ ಮೇಲೆ ಕುಳಿತಿದ್ದರು. ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿದರೆ, ಹೊಸ ಬೆಂಚಿಗೆ ಅರ್ಜಿ ಹಾಕಲು ಅವಕಾಶವಿದೆ, ಹಳೆಯದರ ರಿಪೇರಿಗೆ ಬಾಬ್ತು ಇಲ್ಲ ಎಂಬ ಉತ್ತರ ಬಂತು. ಒಂಬತ್ತನೆಯ ತರಗತಿಯ ಬಡಗಿ ಮನೆತನದ ಹುಡುಗನೊಬ್ಬ, ತರಗತಿಯಲ್ಲಿ ಸದಾ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದವನು, ತನ್ನ ತಂದೆಯ ಉಳಿ ಬಾಚಿಗಳನ್ನು ತಂದು, "ಮೇಷ್ಟ್ರೇ, ಮರ ಚೆನ್ನಾಗಿದೆ, ಕೂಡುಗಳು ಮಾತ್ರ ಸಡಿಲ ಆಗಿವೆ" ಎಂದ. ನಾಲ್ಕು ಶನಿವಾರಗಳ ಮಧ್ಯಾಹ್ನ ಅವನೂ ಅವನ ಗೆಳೆಯರೂ ಕೂಡಿ ಹನ್ನೊಂದು ಬೆಂಚುಗಳನ್ನು ನಿಲ್ಲಿಸಿದರು. ಉಳಿದ ಮೂರರ ಮರ ಆ ಹನ್ನೊಂದಕ್ಕೆ ಹೋಯಿತು. ಆ ಹುಡುಗನ ಅಂಕಪಟ್ಟಿಯಲ್ಲಿ ಇದಕ್ಕೆ ಒಂದು ಕಾಲಮ್ಮೂ ಇರಲಿಲ್ಲ. ಶಾಲೆಗಳು ಏನನ್ನು ಅಳೆಯುತ್ತವೆ, ಏನನ್ನು ಅಳೆಯುವುದಿಲ್ಲ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಕೈಗಾರಿಕಾ ಯುಗದ ವಸ್ತುವೂ ರಿಪೇರಿಗೆ ಸ್ನೇಹಿತನಾಗಿರಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದ ಎಚ್.ಎಂ.ಟಿ. ಗಡಿಯಾರವೇ ಸಾಕ್ಷಿ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಡನೆ ಅದರ ತಯಾರಿಕೆ ಆರಂಭವಾಯಿತು. ಕೈಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೂ ಆ ಕೀಲಿ ಗಡಿಯಾರಗಳು ಇಂದಿಗೂ ಎಷ್ಟೋ ಮುಂಗೈಗಳ ಮೇಲೆ ಓಡುತ್ತಿವೆ. ಹಿಂಬದಿಯ ಮುಚ್ಚಳ ತೆಗೆದರೆ ಒಳಗಿನ ಪ್ರತಿಯೊಂದು ಚಕ್ರವೂ ಕಣ್ಣಿಗೆ ಕಾಣುತ್ತದೆ, ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ತಯಾರಿಸಿದ ಕಾರ್ಖಾನೆ ಮುಚ್ಚಿದ ಮೇಲೂ ತಯಾರಾದ ವಸ್ತು ಬದುಕಿರಲು ಅದೇ ಕಾರಣ.

ಇದಕ್ಕೆ ವಿರುದ್ಧವಾದ ಚರಿತ್ರೆಯೂ ಹಳೆಯದೇ. 1924ರ ಕೊನೆಯಲ್ಲಿ ಜಿನೀವಾದಲ್ಲಿ ಪ್ರಪಂಚದ ದೊಡ್ಡ ದೊಡ್ಡ ಬಲ್ಬ್ ಕಂಪನಿಗಳು 'ಫೀಬಸ್' ಎಂಬ ಕೂಟ ಮಾಡಿಕೊಂಡು, ಬಲ್ಬಿನ ಆಯುಸ್ಸನ್ನು 1000 ಗಂಟೆಗೆ ಇಳಿಸಲು ಒಪ್ಪಂದಕ್ಕೆ ಬಂದವು. ಹೆಚ್ಚು ಕಾಲ ಉರಿಯುವ ಬಲ್ಬ್ ಮಾಡಿದ ಸದಸ್ಯರಿಗೆ ದಂಡ! 1932ರಲ್ಲಿ ಅಮೆರಿಕದ ಬರ್ನಾರ್ಡ್ ಲಂಡನ್ ಎಂಬಾತ, ವಸ್ತುಗಳಿಗೆ ಆಯುಸ್ಸನ್ನು ನಿಗದಿಮಾಡಿ ಆಮೇಲೆ ಅವನ್ನು ಬಳಕೆಯಿಂದ ತೆಗೆದರೆ ಆರ್ಥಿಕ ಕುಸಿತ ನಿವಾರಣೆಯಾಗುತ್ತದೆ ಎಂದು ಪುಸ್ತಿಕೆಯನ್ನೇ ಬರೆದ. ನಾನು ಹೇಳಿದ ಮೂರನೆಯ ಲೆಕ್ಕ ಇದೇ. ಅಂಟು ಹಾಕಿ ಮುಚ್ಚಿದ ಮೊಬೈಲು, ಬಿಡಿಭಾಗ ಸಿಗದ ಮಿಕ್ಸಿ, ಸ್ಕ್ರೂವಿನ ಜಾಗದಲ್ಲಿ ಮುರಿಯುವ ಪ್ಲಾಸ್ಟಿಕ್ ಕೊಕ್ಕೆ ಇವೆಲ್ಲ ಅದರ ಮಕ್ಕಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಲ್ಲಿ ಕುಂಬಾರನೂ ದೊಣ್ಣೆಯವನೂ ಬೇರೆ ಬೇರೆ. ಇಲ್ಲಿ ಕುಂಬಾರನೇ ದೊಣ್ಣೆ ಹಿಡಿದಿದ್ದಾನೆ.

ಹಾಸನದವರಾದ ನಾವು ಮರೆಯಬಾರದ ಒಂದು ರಿಪೇರಿಯ ಕಥೆ ಇನ್ನೂ ಇದೆ. 1982ರಲ್ಲಿ ಹಾಸನದಲ್ಲಿ ಇಸ್ರೋ ಸಂಸ್ಥೆಯ ಉಪಗ್ರಹ ನಿಯಂತ್ರಣ ಕೇಂದ್ರ ಆರಂಭವಾಯಿತು. ಅದೇ ವರ್ಷ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ ಐದು ತಿಂಗಳು ತುಂಬುವ ಮೊದಲೇ ಇಂಧನ ಮುಗಿದು ನಿರುಪಯುಕ್ತವಾಯಿತು. 1983ರ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಚಾಲೆಂಜರ್ ನೌಕೆಯಿಂದ ಬಿಟ್ಟ ಇನ್ಸಾಟ್-1ಬಿ ಉಪಗ್ರಹದ ಸೌರಫಲಕವೂ ತೆರೆದುಕೊಳ್ಳದೆ ಸಿಕ್ಕಿಹಾಕಿಕೊಂಡಿತು. ಅದು ನೆಲೆಸಬೇಕಾಗಿದ್ದುದು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಗೆ ಸುತ್ತಿಗೆ ತೆಗೆದುಕೊಂಡು ಹೋಗುವವರು ಯಾರು? ಭಾರತದ ಹಾಗೂ ಅದನ್ನು ತಯಾರಿಸಿದ ಫೋರ್ಡ್ ಕಂಪನಿಯ ತಂತ್ರಜ್ಞರು ನೆಲದಿಂದಲೇ ಸಂಕೇತಗಳನ್ನು ಕಳುಹಿಸುತ್ತ, ಸೆಪ್ಟೆಂಬರ್ ಮಧ್ಯದ ವೇಳೆಗೆ ಫಲಕವನ್ನು ಬಿಡಿಸಿದರು. ಆ ಉಪಗ್ರಹ ಮುಂದೆ ಏಳು ವರ್ಷಗಳಷ್ಟು ಕಾಲ ದುಡಿಯಿತು. ನಮ್ಮ ಹಳ್ಳಿಗಳಿಗೆ ದೂರದರ್ಶನ ಬಂದುದರಲ್ಲಿ ಅದರ ಪಾಲು ದೊಡ್ಡದು. ಅದನ್ನು ಎಸೆಯಲು ಆಗುತ್ತಿರಲಿಲ್ಲ, ಕೈಯಿಂದ ಮುಟ್ಟಲೂ ಆಗುತ್ತಿರಲಿಲ್ಲ. ಅದರ ಒಳಗು ತಿಳಿದಿದ್ದ ಜನ ಇದ್ದುದರಿಂದ ಅದು ಉಳಿಯಿತು. ಮರದಡಿಯ ಕಲಾಯಿಯವರಿಗೂ ನಿಯಂತ್ರಣ ಕೇಂದ್ರದ ಇಂಜಿನಿಯರಿಗೂ ಸಮಾನವಾದದ್ದು ಈ ಒಂದು ಗುಣ: ವಸ್ತುವಿನ ಒಳಗನ್ನು ಅರಿತು, ತಾಳ್ಮೆಯಿಂದ ಅದನ್ನು ಮತ್ತೆ ಕೆಲಸಕ್ಕೆ ಹಚ್ಚುವುದು. ಒಬ್ಬರನ್ನು ವಿಜ್ಞಾನಿ ಎಂದೆವು, ಇನ್ನೊಬ್ಬರ ಹೆಸರನ್ನೂ ಕೇಳಲಿಲ್ಲ.

ಈಚೆಗೆ ಪ್ರಪಂಚದಲ್ಲಿ ಗಾಳಿ ಸ್ವಲ್ಪ ತಿರುಗಿದೆ. 2009ರ ಅಕ್ಟೋಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬ ಮಹಿಳೆ 'ರಿಪೇರಿ ಕೆಫೆ' ಆರಂಭಿಸಿದರು. ಕೆಟ್ಟ ವಸ್ತುವನ್ನು ತಂದು, ಬಲ್ಲವರೊಡನೆ ಕುಳಿತು, ತಾವೇ ಸರಿಪಡಿಸಿಕೊಳ್ಳುವ ಕೂಟ ಅದು. 2015ರಲ್ಲಿ ಬೆಂಗಳೂರಿನಲ್ಲಿಯೂ ಅಂಥದು ಆರಂಭವಾಯಿತು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ 'ರಿಪೇರಿಯ ಹಕ್ಕು' ಕುರಿತು ಸಮಿತಿಯನ್ನು ನೇಮಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಕೃಷಿ ಉಪಕರಣ, ಮೊಬೈಲು ಮುಂತಾದ ವಿದ್ಯುನ್ಮಾನ ವಸ್ತುಗಳು, ಗೃಹೋಪಯೋಗಿ ಯಂತ್ರಗಳು, ವಾಹನಗಳು ಈ ನಾಲ್ಕು ಕ್ಷೇತ್ರಗಳನ್ನು ಅದು ಆರಿಸಿಕೊಂಡಿದೆ. ಐರೋಪ್ಯ ಒಕ್ಕೂಟ 2024ರಲ್ಲಿ ಈ ಬಗ್ಗೆ ಕಾನೂನನ್ನೇ ಮಾಡಿತು. ಬಿಡಿಭಾಗ ಸಿಗಬೇಕು, ಕೈಪಿಡಿ ತೆರೆದಿರಬೇಕು, ಬೀದಿಯ ರಿಪೇರಿಯವನಿಗೂ ವಸ್ತುವನ್ನು ಬಿಚ್ಚಲು ಸಾಧ್ಯವಾಗಬೇಕು ಎಂಬುದೇ ಇವೆಲ್ಲದರ ಸಾರ.

ಕಾನೂನು ಬರಲಿ, ಒಳ್ಳೆಯದೇ. ಆದರೆ ಕಾನೂನು ಸ್ಕ್ರೂವನ್ನು ಬಿಚ್ಚಲು ಬಿಡಬಹುದೇ ಹೊರತು, ಬಿಚ್ಚಬಲ್ಲ ಕೈಯನ್ನು ಹುಟ್ಟಿಸಲಾರದು. ಹಾಸನದ ಪೇಟೆಯಲ್ಲಿ ಮೊಬೈಲು ಬಿಚ್ಚಿ ಕೂದಲೆಳೆಯಷ್ಟು ಸಣ್ಣ ತಂತಿಗೆ ಬೆಸುಗೆ ಹಾಕುವ ತರುಣರು ಇದ್ದಾರೆ. ಆಲೂಗೆಡ್ಡೆ ಬೆಳೆಯುವವರ ಔಷಧಿ ಸಿಂಪಡಿಸುವ ಪಂಪನ್ನು ಅರ್ಧ ಗಂಟೆಯಲ್ಲಿ ಸರಿಮಾಡಿಕೊಡುವವರು ಇದ್ದಾರೆ. ಅವರು ಐವತ್ತು ರೂಪಾಯಿ ಹೆಚ್ಚು ಕೇಳಿದರೆ, "ಇದಕ್ಕೆ ಹೊಸದೇ ಬರುತ್ತೆ ಕಣಪ್ಪ" ಎಂದು ಚೌಕಾಸಿ ಮಾಡುತ್ತೇವೆ. ಹೊಸದನ್ನು ಮಾರುವ ಅಂಗಡಿಯಲ್ಲಿ ಮಾತ್ರ ಬಾಯಿ ತೆರೆಯದೆ ಚೀಟಿಯಲ್ಲಿದ್ದ ಬೆಲೆ ಕೊಟ್ಟು ಬರುತ್ತೇವೆ. ಹಳೆಯ ಕಾಲದ ಕಸುಬುದಾರರಿಗೆ ನಾವು ಕೊಡದೆ ಉಳಿಸಿಕೊಂಡ ಗೌರವದ ಬಾಕಿಯನ್ನು ತೀರಿಸಲು ಈ ಹೊಸಬರಿಗೆ ನ್ಯಾಯವಾದ ಮಜೂರಿ ಕೊಡುವುದೇ ಉಳಿದಿರುವ ದಾರಿ. ಶಾಲೆಗಳಲ್ಲಿ ವಾರಕ್ಕೊಂದು ಅವಧಿಯಾದರೂ ಕೆಟ್ಟ ವಸ್ತುವನ್ನು ಬಿಚ್ಚಿ ನೋಡಲು ಮೀಸಲಾಗಬೇಕು. ಅದಕ್ಕೆ ಅಂಕಪಟ್ಟಿಯಲ್ಲಿ ಒಂದು ಕಾಲಮ್ಮೂ ಇರಬೇಕು.

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದ ಮೇಲಿರುವ ಹಳೆಯ ಪಾತ್ರೆಗಳನ್ನು ತೂಕಕ್ಕೆ ಹಾಕುವ ಮೊದಲು ಒಮ್ಮೆ ಕೆಳಗಿಳಿಸಿ. ಅಂಚಿನ ಹೆಸರನ್ನು, ಇಸವಿಯನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಿ. ಮಗುಚಿ, ತಳದಲ್ಲಿ ಎಷ್ಟು ತೇಪೆಗಳಿವೆ ಎಣಿಸಿ. ಆ ತೇಪೆ ಹಾಕಿದವರು ಯಾವ ಊರಿನವರು, ಎಂತಹವರು ಎಂದು ಮನೆಯ ಹಿರಿಯರನ್ನು ಕೇಳಿ, ಅದನ್ನೂ ಬರೆದಿಡಿ. ಹೇಳಬಲ್ಲವರು ಈಗಲೂ ಕೆಲವರು ಇದ್ದಾರೆ.